ಹಿಮದೂರಿನಲ್ಲಿ ಬುತ್ತಿಯ ಹಕ್ಕು

ಫ್ರಾನ್ಸ್ ದೇಶದ ಆಲ್ಪ್ಸ್ ಪರ್ವತಗಳಲ್ಲಿ, ಚಳಿಗಾಲ ಬಂತೆಂದರೆ ಜನ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಊರುಗಳುಂಟು. ಅಂಥ ಊರಿಗೆ ಹೋದವನು ಎಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ನಮ್ಮ ಬಸವನಗುಡಿ, ಮಲ್ಲೇಶ್ವರಗಳಲ್ಲೂ ಚರ್ಚೆಗೆ ಬರುವ ಕಾಲ ಬಂದಿದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಗನೋ ಮಗಳೋ ಯೂರೋಪಿನಲ್ಲಿ ಕೆಲಸದಲ್ಲಿರುವ ಮನೆಗಳು ಈಗ ಬೀದಿಗೆ ನಾಲ್ಕಾದರೂ ಇವೆ. ನನ್ನದೂ ಅಂಥದೇ ಒಂದು ಮನೆ. ಆ ನೆವದಿಂದ ಎರಡು ಚಳಿಗಾಲಗಳಲ್ಲಿ ಒಂದೊಂದು ವಾರವನ್ನು ಇಸೇರ್ ನದಿಯ ಮೇಲ್ಕಣಿವೆಯಾದ ತಾರಂತೇಸ್ ಪ್ರಾಂತದಲ್ಲಿ ಕಳೆದಿದ್ದೇನೆ. ಹಲಗೆ ಕಟ್ಟಿಕೊಳ್ಳುವ ವಯಸ್ಸು ನನ್ನದಲ್ಲ. ಕಾಲುನಡಿಗೆಯವರಿಗೂ ಟಿಕೆಟು ಕೊಡುವ ತಂತಿತೊಟ್ಟಿಲಲ್ಲಿ ಕುಳಿತು ಮೇಲೆ ಹೋಗುವುದು, ಜನ ಏನನ್ನು ತಿನ್ನುತ್ತಾರೆ, ಅದಕ್ಕೆ ಎಷ್ಟು ತೆರುತ್ತಾರೆ ಎಂದು ನೋಡುವುದು, ಇದೇ ನನ್ನ ದಿನಚರಿಯಾಗಿತ್ತು. ನೋಡಿದ್ದರ ಫಲವಾಗಿ ಒಂದು ಅಭಿಪ್ರಾಯ ಹುಟ್ಟಿದೆ. ಅದು ಬಹುಮಂದಿಗೆ ಒಪ್ಪಿಗೆಯಾಗದೆಂದು ಬಲ್ಲೆ, ಬಲ್ಲೆನಾದ್ದರಿಂದಲೇ ಬರೆಯುತ್ತಿದ್ದೇನೆ.

ಈ ವಿಷಯದಲ್ಲಿ ಸಲಹೆ ಕೊಡುವವರು ಮೂರು ಪಕ್ಷವಾಗಿ ನಿಂತಿದ್ದಾರೆ. ಮೊದಲನೆಯದು ನಕ್ಷತ್ರಪಕ್ಷ, ಮಿಷೆಲಿನ್ ಕೈಪಿಡಿ ಯಾವ ಹೋಟೆಲಿಗೆ ಎಷ್ಟು ನಕ್ಷತ್ರ ಕೊಟ್ಟಿದೆ ಎಂದು ಎಣಿಸಿ ಹೇಳುವವರು. ಎರಡನೆಯದು ಸಂಪ್ರದಾಯಪಕ್ಷ, ಮರದ ತೊಲೆ, ಹಸುವಿನ ಗಂಟೆ, ಕೆಂಪು ಚೌಕಳಿಯ ಮೇಜುಬಟ್ಟೆ ಕಂಡಲ್ಲಿ ನುಗ್ಗಿ 'ಶತಮಾನಗಳಷ್ಟು ಹಳೆಯ' ಊಟ ಮಾಡಿ ಬನ್ನಿ ಎನ್ನುವವರು. ಮೂರನೆಯದು ನಮ್ಮವರದೇ ಆದ ಸಾರನ್ನದ ಪಕ್ಷ. ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ಪ್ರವಾಸದ ಕಂಪನಿಯನ್ನು ಹಿಡಿಯಿರಿ, ಬೇರೆ ಚಿಂತೆ ಬೇಡ ಎನ್ನುವವರು. ಈ ಮೂವರೂ ಪ್ರಶ್ನೆಯನ್ನೇ ಸರಿಯಾಗಿ ಕೇಳಿಕೊಂಡಿಲ್ಲವೆಂಬುದು ನನ್ನ ವಾದ.

ನಕ್ಷತ್ರಪಕ್ಷದಿಂದ ಆರಂಭಿಸೋಣ. ಅವರು ಮೊದಲು ಬೆರಳು ತೋರಿಸುವುದು ಕೂರ್ಶೆವೆಲ್ ಎಂಬ ಊರಿನ ಕಡೆಗೆ. ಈ ಊರಿನ ಚರಿತ್ರೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಸವೊಯ್ ಜಿಲ್ಲೆಯ ಆಡಳಿತ ಮಂಡಳಿ ತಾನೇ ಮುಂದಾಗಿ ಸಾರ್ವಜನಿಕ ಹಣದಿಂದ ಅದನ್ನು ಕಟ್ಟಿಸಲು ತೊಡಗಿತು. ಅದೇ ಊರಿನ '1947' ಎಂಬ ಭೋಜನಶಾಲೆಗೆ 2017ರಲ್ಲಿ ಮೂರು ನಕ್ಷತ್ರಗಳು ಬಂದವು. ಅಲ್ಲಿ ಮೇಜುಗಳನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಬಹುದು. ಜನರ ದುಡ್ಡಿನಿಂದ ಹುಟ್ಟಿದ ಊರು ಹೀಗೆ ಕೆಲವೇ ಜನರ ಊಟಕ್ಕೆ ಹೆಸರಾಯಿತು. ಈ ಊರಿನ ಮೇಲುಭಾಗ ಬಹುಕಾಲ ತನ್ನನ್ನು ತಾನು 'ಕೂರ್ಶೆವೆಲ್ 1850' ಎಂದು ಕರೆದುಕೊಂಡಿತು. ಅದು ಎತ್ತರದ ಲೆಕ್ಕ. ಆದರೆ ಊರಿನ ನಡುಭಾಗ ನಿಜವಾಗಿ ಸುಮಾರು ನೂರು ಮೀಟರು ಕೆಳಗಿದೆ. ನಿಜಕ್ಕೂ 1850 ಮೀಟರಿನಲ್ಲಿರುವ ವಾಲ್ ದಿಸೇರ್ ಎಂಬ ಊರಿಗೆ ತಾನೇನೂ ಕಡಿಮೆಯಿಲ್ಲವೆಂದು ತೋರಿಸಲು ಹೀಗೆ ಏರಿಸಿಕೊಂಡರೆಂದು ಕಣಿವೆಯವರು ನಗುತ್ತಾರೆ. ಬೆಟ್ಟದ ಎತ್ತರವನ್ನೇ ಏರಿಸಬಲ್ಲ ಊರು ಸೂಪಿನ ಬೆಲೆಯನ್ನು ಏರಿಸದೆ ಇದ್ದೀತೆ?

ಹಾಗೆಂದು ನಕ್ಷತ್ರ ಪಡೆದವರೆಲ್ಲ ಸೋಗಿನವರೆಂದು ನಾನು ಹೇಳುವುದಿಲ್ಲ. ಅದೇ ಸೀಮೆಯ ಸೇಂ-ಮಾರ್ತೇಂ-ದ-ಬೆಲ್‌ವಿಲ್ ಎಂಬಲ್ಲಿ ಮೆಯೆರ್ ಎಂಬ ತಂದೆ ಮಗ ಇಬ್ಬರು, ಯಾವ ಪಾಕಶಾಲೆಯ ವಿದ್ಯಾಲಯಕ್ಕೂ ಹೋಗದೆ ತಾವೇ ಕಲಿತು, 2015ರಲ್ಲಿ ಮೂರನೆಯ ನಕ್ಷತ್ರ ಗಳಿಸಿದರು. ಅಂಥ ಸಾಧನೆಗೆ ತಲೆಬಾಗುತ್ತೇನೆ. ಆದರೆ ಹೆಂಡತಿ, ಎರಡು ಮಕ್ಕಳು, ಒಂದು ವಾರದ ರಜೆ, ಎಣಿಸಿದ ಹಣ, ಮಧ್ಯಾಹ್ನ ಹನ್ನೆರಡೂವರೆಗೆ ಕಚ್ಚುವ ಹಸಿವು — ಇವಿಷ್ಟನ್ನು ಹೊತ್ತುಕೊಂಡು ಬೆಟ್ಟದ ಮೇಲೆ ನಿಂತವನಿಗೆ ಆ ನಕ್ಷತ್ರಗಳಿಂದ ಏನು ಪ್ರಯೋಜನ? ಜೀವಮಾನದಲ್ಲೊಮ್ಮೆ ಒಂದು ರಾತ್ರಿ ಎಲ್ಲಿ ಉಣ್ಣಬೇಕೆಂದು ಕೇಳಿದವನಿಗೆ ಹೇಳಬೇಕಾದ ಉತ್ತರವನ್ನು, ದಿನದಿನವೂ ಎಲ್ಲಿ ಉಣ್ಣಲೆಂದು ಕೇಳಿದವನಿಗೆ ಹೇಳುವುದು ಉತ್ತರವಲ್ಲ, ಅಣಕ.

ಇನ್ನು ಸಂಪ್ರದಾಯಪಕ್ಷ. ಇವರ ಮೇಲೆ ನನಗೆ ಸಿಟ್ಟು ಸ್ವಲ್ಪ ಹೆಚ್ಚು. ಏಕೆಂದರೆ ನಕ್ಷತ್ರದವರು ಬೆಲೆಯನ್ನು ಬಚ್ಚಿಡುವುದಿಲ್ಲ, ಇವರು ಚರಿತ್ರೆಯನ್ನೇ ಬಚ್ಚಿಡುತ್ತಾರೆ. ಈ ಊರುಗಳಲ್ಲಿ ಎಲ್ಲಿ ಹೋದರೂ 'ತಾರ್ತಿಫ್ಲೆತ್' ಎಂಬ ಭಕ್ಷ್ಯವನ್ನು ಮುಂದಿಡುತ್ತಾರೆ. ಆಲೂಗೆಡ್ಡೆ, ಈರುಳ್ಳಿ, ಹಂದಿಮಾಂಸದ ಚೂರು, ಇವುಗಳ ಮೇಲೆ ರೆಬ್ಲೋಶೋನ್ ಎಂಬ ಚೀಸನ್ನು ಹರಡಿ ಒಲೆಯಲ್ಲಿ ಬೇಯಿಸಿದ್ದು. ಕುರುಬರು, ಗೊಲ್ಲರು ತಲೆತಲಾಂತರದಿಂದ ಉಂಡು ಬಂದದ್ದೆಂದು ಬಡಿಸುವವನು ಹೇಳುತ್ತಾನೆ. ಅವನ ತಪ್ಪಲ್ಲ, ಅವನಿಗೂ ಯಾರೋ ಹಾಗೆ ಹೇಳಿದ್ದಾರೆ. ನಿಜಸಂಗತಿಯೆಂದರೆ, ಈ ಭಕ್ಷ್ಯ ಈಗಿನ ಹೆಸರಿನಿಂದ ಪ್ರಚಾರಕ್ಕೆ ಬಂದದ್ದು 1980ರ ದಶಕದಲ್ಲಿ. ರೆಬ್ಲೋಶೋನ್ ಹೆಚ್ಚು ಮಾರಾಟವಾಗಲೆಂದು ಆ ಚೀಸಿನ ಉತ್ಪಾದಕರ ಒಕ್ಕೂಟವೇ ಅದನ್ನು ಜನಪ್ರಿಯಗೊಳಿಸಿತು. 'ಪೆಲಾ' ಎಂದು ಉದ್ದ ಹಿಡಿಯ ಬಾಣಲೆಯಲ್ಲಿ ಮಾಡುತ್ತಿದ್ದ ಹಳೆಯ ಹಳ್ಳಿಯ ತಿಂಡಿಯೊಂದು ಅದಕ್ಕೆ ಮೂಲವೆಂಬುದು ದಿಟ. ಆದರೆ ಆಲೂಗೆಡ್ಡೆಯೇ ಅಮೆರಿಕಾ ಖಂಡದಿಂದ ಬಂದು ಈ ಬೆಟ್ಟಗಳಲ್ಲಿ ತಡವಾಗಿ ನೆಲೆಸಿದ ಬೆಳೆ. ಚೀಸನ್ನು ಕರಗಿಸಿ ಬ್ರೆಡ್ಡು ಅದ್ದಿ ತಿನ್ನುವ ಫಾಂಡ್ಯುವಿನ ಕೀರ್ತಿಯೂ ಬಹುಮಟ್ಟಿಗೆ ನೆರೆಯ ಸ್ವಿಟ್ಜರ್ಲೆಂಡಿನ ಚೀಸ್ ಒಕ್ಕೂಟ 1930ರ ದಶಕದಿಂದ ನಡೆಸಿದ ಪ್ರಚಾರದ ಫಲ. ರಾಕ್ಲೆತ್ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತದ್ದು.

ಹೊಸದೆಂಬ ಕಾರಣಕ್ಕೆ ತಿಂಡಿಯೊಂದನ್ನು ತಿರಸ್ಕರಿಸುವವನು ನಾನಲ್ಲ. ಹೊಸದನ್ನು ಹಳೆಯದೆಂದು ಹೇಳಿ, ಹಳೆಯದೆಂಬ ಕಾರಣಕ್ಕೆ ಹೆಚ್ಚು ಬೆಲೆ ಕೇಳುವುದಕ್ಕೆ ನನ್ನ ಆಕ್ಷೇಪ. ನಿಜವಾದ ಹಳೆಯ ಊಟ ಬಡವರ ಊಟ. ಕೆಲವು ಎತ್ತರದ ಹಳ್ಳಿಗಳಲ್ಲಿ ಊರೊಟ್ಟಿನ ಒಲೆಯನ್ನು ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊತ್ತಿಸಿ ರೈ ಧಾನ್ಯದ ರೊಟ್ಟಿ ಸುಟ್ಟು ತಿಂಗಳುಗಟ್ಟಲೆ ತಿನ್ನುತ್ತಿದ್ದರು. ಕಲ್ಲಾದ ರೊಟ್ಟಿಯನ್ನು ಸೂಪಿನಲ್ಲಿ ನೆನೆಸುತ್ತಿದ್ದರು. ಹುರುಳಿಯಲ್ಲ, ಬಕ್‌ವೀಟ್ ಎಂಬ ಕಾಳಿನ ಹಿಟ್ಟಿನಿಂದ ಉಗುರಗಲದ 'ಕ್ರೋಜೆ'ಗಳನ್ನು ಕತ್ತರಿಸಿ ಬೇಯಿಸುತ್ತಿದ್ದರು. ರೆಬ್ಲೋಶೋನ್ ಎಂಬ ಹೆಸರಿನಲ್ಲೇ ಬಡತನದ ಕತೆಯಿದೆ. ಆ ನಾಡಿನ ನುಡಿಯಲ್ಲಿ ಅದರ ಧಾತುವಿಗೆ 'ಮತ್ತೊಮ್ಮೆ ಕರೆ' ಎಂದು ಅರ್ಥ. ಜಮೀನ್ದಾರ ಬಂದು ಹಾಲನ್ನು ಅಳೆದು ಗೇಣಿ ಹಾಕಿ ಹೋಗುವ ತನಕ ರೈತ ಅರೆಬರೆ ಕರೆದು, ಅವನು ಬೆನ್ನು ತಿರುಗಿಸಿದ ಮೇಲೆ ಮತ್ತೆ ಕರೆದ ದಪ್ಪ ಹಾಲಿನಿಂದ ಈ ಚೀಸು ಮಾಡುತ್ತಿದ್ದನಂತೆ. ಒಡೆಯನಿಗೆ ತಿಳಿಯದಂತೆ ಬಡವನು ಉಳಿಸಿಕೊಂಡ ತುತ್ತು ಇಂದು ಚೌಕಳಿ ಬಟ್ಟೆಯ ಮೇಲೆ ಒಡೆಯರ ಭಕ್ಷ್ಯವಾಗಿ ಕುಳಿತಿದೆ.

ಇಷ್ಟಾದರೂ ಸಂಪ್ರದಾಯವೇ ಬೇಕೆನ್ನುವವರಿಗೆ ಒಂದೆರಡು ಗುರುತು ಹೇಳುತ್ತೇನೆ. ಒಂದೇ ಹೊಲಮನೆಯ ಹಿಂಡಿನ ಹಾಲಿನಿಂದ ಅಲ್ಲಿಯೇ ಮಾಡಿದ ರೆಬ್ಲೋಶೋನಿಗೆ ಹಸಿರು ಬಿಲ್ಲೆ ಅಂಟಿಸಿರುತ್ತಾರೆ. ಹಲವು ಕಡೆಯ ಹಾಲು ಕೂಡಿಸಿ ಡೇರಿಯಲ್ಲಿ ಮಾಡಿದ್ದಕ್ಕೆ ಕೆಂಪು ಬಿಲ್ಲೆ. ಹೋಟೆಲಿನಲ್ಲಿ ಅಡುಗೆ ನಿಜವಾಗಿ ಅಲ್ಲಿಯೇ ಆಯಿತೋ ಎಂದು ತಿಳಿಯಲು 2014ರಿಂದ 'ಫೆ ಮೇಸೋಂ', ಅಂದರೆ 'ಮನೆಯಲ್ಲಿ ಮಾಡಿದ್ದು' ಎಂಬ ಕಾನೂನಿನ ಮುದ್ರೆಯಿದೆ. ಬಾಣಲೆಗೆ ಮಾಡು ಹೊದಿಸಿದ ಚಿತ್ರ ಅದು. ಆದರೆ ಶೀತಲಪೆಟ್ಟಿಗೆಯ ಹಸಿ ತರಕಾರಿಗೂ ಕೊಂಡು ತಂದ ಚೀಸಿಗೂ ಆ ಕಾನೂನು ಎಡೆಗೊಟ್ಟಿದೆಯೆಂಬುದು ನೆನಪಿರಲಿ. ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು. ಬಡಿಸುವವರ ಸೇವಾಶುಲ್ಕ ಬೆಲೆಯಲ್ಲೇ ಸೇರಿರುತ್ತದೆ.

ಮೂರನೆಯ ಪಕ್ಷ ನಮ್ಮವರದು. ಅವರನ್ನು ನಗೆಪಾಟಲು ಮಾಡುವುದು ಈಚೆಗೆ ಒಂದು ಫ್ಯಾಷನ್ನಾಗಿದೆ; ನಾನು ಅದಕ್ಕೆ ಸೇರುವುದಿಲ್ಲ. ಹುಟ್ಟು ಸಸ್ಯಾಹಾರಿಯ ಕಷ್ಟ ಅಲ್ಲಿ ಸಣ್ಣದಲ್ಲ. ತಾರ್ತಿಫ್ಲೆತಿನಲ್ಲಿ ಹಂದಿ, ಹಸಿರು ಸೊಪ್ಪಿನ ಸಲಾಡಿನಲ್ಲಿ ಅದರದೇ ಚೂರು, ತರಕಾರಿ ಸೂಪಿನ ತಳದಲ್ಲಿ ಮೂಳೆಯ ರಸ. ಚೀಸಾದರೂ ನಿರಪಾಯವೆಂದರೆ, ಅಲ್ಲಿಯ ಹೆಸರಾಂತ ಚೀಸುಗಳಿಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ. ಕಟ್ಟಾ ನೇಮದವರು ಇದನ್ನು ತಿಳಿದೇ ನಿರ್ಧರಿಸಬೇಕು. ತಿಳಿಸದೆ ತಿನ್ನಿಸುವುದು ಸ್ನೇಹವಲ್ಲ. ಆದುದರಿಂದ ಅಡುಗೆಯವರನ್ನು ಕರೆದುಕೊಂಡು ಹೋಗುವವರ ಮೇಲೆ ನನಗೆ ಹಗೆಯಿಲ್ಲ. ನನ್ನ ಜಗಳ ಬೇರೆ. ಬೆಟ್ಟ ನೋಡಲು ಹೋಗಿ, ಬೆಟ್ಟದಲ್ಲಿ ಬೆಳೆದ ಒಂದು ಕಾಳನ್ನೂ ಮುಟ್ಟದೆ, ಆ ಬೆಟ್ಟದ ರೈತನಿಗೆ ಒಂದು ಕಾಸೂ ಸೇರದಂತೆ ತಿರುಗಿ ಬರುವುದು ಎಂಥ ಪ್ರವಾಸ? ಅದಲ್ಲದೆ, ನಮ್ಮವರು ತಾವು ತಂದ ತಿಂಡಿಯನ್ನು ಹೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕಳ್ಳತನದ ಸರಕಿನಂತೆ ತಿನ್ನುತ್ತಾರಲ್ಲ, ಅದನ್ನು ಕಂಡಾಗ ನನಗೆ ನಾಚಿಕೆಯಾಗುವುದಿಲ್ಲ, ವ್ಯಥೆಯಾಗುತ್ತದೆ.

ಏಕೆಂದರೆ ಬಚ್ಚಿಟ್ಟು ತಿನ್ನುವ ಅಗತ್ಯವೇ ಅಲ್ಲಿಲ್ಲ. ಬುತ್ತಿಗೆ ಫ್ರಾನ್ಸಿನ ಹಿಮದೂರುಗಳಲ್ಲಿ ಗೌರವದ ಸ್ಥಾನವೊಂದು ಉಂಟು. ಅದರ ಹೆಸರು 'ಸಾಲ್ ಓರ್-ಸಾಕ್'. ಓರ್-ಸಾಕ್ ಎಂದರೆ ಅಕ್ಷರಶಃ 'ಚೀಲದಿಂದ ಹೊರಕ್ಕೆ'. ಚೀಲದಿಂದ ಬುತ್ತಿ ತೆಗೆದು ತಿನ್ನುವವರಿಗಾಗಿ ಇರುವ ಕೋಣೆ. ಉದ್ದನೆಯ ಮೇಜು, ಬೆಂಚು, ಗಾಳಿ ಹಿಮ ತಾಗದ ಮಾಡು. ಏನನ್ನೂ ಕೊಳ್ಳಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಡ. ನಾನು ಕುಳಿತ ಇಂಥ ಒಂದು ಕೋಣೆಯಲ್ಲಿ ಎಡಗಡೆ ಒಬ್ಬ ಶಾಲಾ ಮೇಷ್ಟರು ಇಪ್ಪತ್ತು ಮಕ್ಕಳಿಗೆ ಸೇಬು ಹಂಚುತ್ತಿದ್ದರು. ಬಲಗಡೆ ಮುದುಕ ಮುದುಕಿ ಚಾಕುವಿನಿಂದ ಚೀಸು ಕತ್ತರಿಸಿಕೊಂಡು ಒಂದೇ ಫ್ಲಾಸ್ಕಿನ ಸೂಪನ್ನು ಇಬ್ಬರೂ ಕುಡಿಯುತ್ತಿದ್ದರು. ನನ್ನ ಮುಂದೆ ಬ್ರೆಡ್ಡು, ಚೀಸು, ಮನೆಯಿಂದ ತಂದ ಚಟ್ನಿಪುಡಿ. ಯಾರೂ ಯಾರನ್ನೂ ತಿರುಗಿ ನೋಡಲಿಲ್ಲ. ಹಿಮದೂರಿನಲ್ಲಿ ಎಲ್ಲಿ ಉಣ್ಣಬೇಕೆಂದು ಕೇಳಿದರೆ ನನ್ನ ಉತ್ತರ ಇದೇ: ಬುತ್ತಿಯ ಕೋಣೆಯಲ್ಲಿ.

'ಇದು ಜಿಪುಣನ ಉತ್ತರ' ಎನ್ನಬಹುದು. ಅಲ್ಲವೆನ್ನಲು ನನಗೆ ಎರಡು ಕಾರಣಗಳಿವೆ.

ಮೊದಲನೆಯದು ನ್ಯಾಯದ ಮಾತು. 1985ರಲ್ಲಿ ಫ್ರಾನ್ಸಿನ ಸಂಸತ್ತು ಬೆಟ್ಟಪ್ರದೇಶಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಜನರನ್ನು ಮೇಲಕ್ಕೊಯ್ಯುವ ತಂತಿತೊಟ್ಟಿಲುಗಳ ವ್ಯವಸ್ಥೆ ಊರ ಆಡಳಿತಕ್ಕೆ ಸೇರಿದ ಸಾರ್ವಜನಿಕ ಸೇವೆಯೆಂದು ಅದು ಸಾರಿತು. ಖಾಸಗಿ ಕಂಪನಿ ನಡೆಸಿದರೂ ಊರಿನ ಪರವಾಗಿಯೇ ನಡೆಸಬೇಕು. ತೀನ್ಯ ಎಂಬ ಊರಿನ ಕತೆ ಇನ್ನೂ ಹಿಂದಿನದು. ಅಲ್ಲಿಯ ಹಳೆಯ ಹಳ್ಳಿಯನ್ನು, ಅದರ ಮನೆ, ಇಗರ್ಜಿ, ಹುಲ್ಲುಗಾವಲುಗಳೊಡನೆ, 1952ರಲ್ಲಿ ವಿದ್ಯುತ್ತಿನ ಅಣೆಕಟ್ಟಿಗಾಗಿ ಮುಳುಗಿಸಿದರು. ಜನ ಪ್ರತಿಭಟಿಸಿದರು, ಪೋಲೀಸರು ಬಂದರು, ನೀರೂ ಬಂತು. 180 ಮೀಟರು ಎತ್ತರದ ಆ ಗೋಡೆಯನ್ನು ಇಂದಿಗೂ ದಾರಿಯಲ್ಲಿ ಕಾಣಬಹುದು. ದೇಶದ ದೀಪಕ್ಕಾಗಿ ಒಂದು ಹಳ್ಳಿ ನೀರಾಗಬಹುದಾದರೆ, ದೇಶದ ಸಾಮಾನ್ಯನಿಗೆ ಅದೇ ಬೆಟ್ಟದ ಮೇಲೆ ಬೆಂಚೊಂದು ಸಿಗಬಾರದೆ? ಬೆಟ್ಟ ಎಲ್ಲರದು, ಏರುವ ದಾರಿ ಸಾರ್ವಜನಿಕ, ಮೇಲೆ ಹೋದಮೇಲೆ ಕುಳಿತು ಉಣ್ಣುವ ಹಕ್ಕು ಮಾತ್ರ ಬಿಲ್ಲು ಕೊಟ್ಟವನದು ಎಂದರೆ ಅದು ತರ್ಕಕ್ಕೂ ಒಗ್ಗುವುದಿಲ್ಲ, ಧರ್ಮಕ್ಕೂ ಒಗ್ಗುವುದಿಲ್ಲ.

ಎರಡನೆಯ ಕಾರಣ ಬುತ್ತಿಯೊಳಗೆ ಏನಿರಬೇಕೆಂಬುದು. ಅದರಲ್ಲಿ ಬೋಫೋರ್ ಚೀಸು ಇರಲಿ ಎನ್ನುತ್ತೇನೆ. ಹೆಸರು ಕೇಳಿ ಬೆಚ್ಚಬೇಡಿ; ನಮ್ಮ ರಾಜಕೀಯವನ್ನು ಅಲ್ಲಾಡಿಸಿದ ಫಿರಂಗಿಗೂ ಇದಕ್ಕೂ ನಂಟಿಲ್ಲ. ಗಾಡಿಯ ಗಾಲಿಯಂಥ, ಅಂಚು ಒಳಬಾಗಿದ, ಸುಮಾರು ನಲವತ್ತು ಕಿಲೋ ತೂಕದ ಈ ಚೀಸಿಗೆ ನಾನೂರು ಲೀಟರು ಹಾಲು ಬೇಕು. ತಾರಿನ್, ಅಬೋಂದಾಂಸ್ ಎಂಬ ಎರಡು ಬೆಟ್ಟದ ತಳಿಗಳ ಹಾಲು ಮಾತ್ರ. ಹುದುಗಿಸಿದ ಮೇವು ನಿಷಿದ್ಧ. ಒಂದು ಹಸುವಿನಿಂದ ವರ್ಷಕ್ಕೆ ಸರಾಸರಿ 5000 ಕಿಲೋ ಹಾಲಿಗೆ ಮೀರಬಾರದು. ಐದು ತಿಂಗಳಾದರೂ ನೆಲಮನೆಯಲ್ಲಿ ಮಾಗಬೇಕು. ಅಣೆಕಟ್ಟುಗಳು ಹುಲ್ಲುಗಾವಲುಗಳನ್ನು ನುಂಗುತ್ತಿದ್ದ, ಯುವಕರು ಬೆಟ್ಟ ಬಿಟ್ಟು ಇಳಿಯುತ್ತಿದ್ದ ಕಾಲದಲ್ಲಿ ಈ ಕಸುಬು ಅಳಿಯುವುದರಲ್ಲಿತ್ತು. 1961ರಲ್ಲಿ ಮಾಕ್ಸಿಮ್ ವಿಯಾಲೆ ಎಂಬವರ ಮುಂದಾಳ್ತನದಲ್ಲಿ ಬೋಫೋರ್ತೇನ್ ಸೀಮೆಯ ರೈತರು ಸಹಕಾರ ಸಂಘ ಕಟ್ಟಿದರು; 1968ರಲ್ಲಿ ಹೆಸರಿಗೆ ಕಾನೂನಿನ ರಕ್ಷಣೆ ಬಂತು. ಇಂದು ಬೋಫೋರಿನ ಹಾಲಿಗೆ ರೈತನಿಗೆ ಸಿಗುವ ಬೆಲೆ ಫ್ರಾನ್ಸಿನ ಸಾಮಾನ್ಯ ಹಾಲಿನ ಬೆಲೆಗಿಂತ ಬಹಳ ಹೆಚ್ಚು.

ಈ ಚೀಸಿಗೂ ಹಿಮದ ಮೇಲೆ ಜಾರುವವನಿಗೂ ಏನು ಸಂಬಂಧವೆಂದರೆ, ನೆಲದ ಸಂಬಂಧ. ಬೇಸಿಗೆಯಲ್ಲಿ ಹಸುಗಳು ಮೇಯುವ ಇಳಿಜಾರುಗಳೇ ಎಷ್ಟೋ ಕಡೆ ಚಳಿಗಾಲದ ಜಾರುದಾರಿಗಳು. ಮೇಯದೆ ಬಿಟ್ಟ ಹುಲ್ಲು ಉದ್ದ ಬೆಳೆದು ಅಡ್ಡ ಮಲಗುತ್ತದೆ. ಅದರ ಮೇಲೆ ಬಿದ್ದ ಹಿಮ ನಿಲ್ಲದೆ ಜಾರುತ್ತದೆ. ಹಸು ಹೋದರೆ ಗೊಲ್ಲ ಹೋಗುತ್ತಾನೆ. ಗೊಲ್ಲ ಹೋದರೆ ಇಳಿಜಾರೂ ಕೆಡುತ್ತದೆ. ಅನೇಕ ರೈತರು ಬೇಸಿಗೆಯಲ್ಲಿ ಹಾಲು ಕರೆದು ಚಳಿಗಾಲದಲ್ಲಿ ತಂತಿತೊಟ್ಟಿಲಿನ ಕೆಲಸ ಮಾಡುವವರು. ಆದುದರಿಂದ ಎಲ್ಲಿ ಉಣ್ಣಬೇಕೆಂಬ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ: ನಮ್ಮ ದುಡ್ಡು ಯಾರ ಕೈಗೆ ಹೋಗಬೇಕು? ಕಣಿವೆಯ ತಳದಲ್ಲಿ, ರೈಲು ನಿಲ್ಲುವ ಬೂರ್-ಸೇಂ-ಮೋರೀಸ್ ಪಟ್ಟಣದಲ್ಲಿ ಸಹಕಾರ ಸಂಘದ ಅಂಗಡಿಯಿದೆ. ಅಲ್ಲಿ ಕೊಂಡ ಕಾಲು ಕಿಲೋ ಚೀಸಿನ ದುಡ್ಡು ರೈತನ ಕೊಟ್ಟಿಗೆಯ ತನಕ ನಡೆದು ಹೋಗುತ್ತದೆ. ಕರುವಿನ ಹೆಪ್ಪು ಒಲ್ಲದವರಿಗೆ ರೊಟ್ಟಿಯಂಗಡಿಯ ರೈ ಬ್ರೆಡ್ಡು, ಬೆಟ್ಟದ ಜೇನು, ಗ್ರೆನೋಬ್ಲಿನ ಆಕ್ರೋಡು, ಸೇಬು ಇವೆ. ಮನೆಯಿಂದ ಚಟ್ನಿಪುಡಿ ಒಯ್ಯಿರಿ. ತುಪ್ಪ, ಹಾಲಿನ ಸಿಹಿತಿಂಡಿ ಒಯ್ಯಬೇಡಿ, ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯೂರೋಪಿನ ಒಕ್ಕೂಟ ನಿಷೇಧಿಸಿದೆ.

ಬೆಟ್ಟದ ಮೇಲಿನ ಹೋಟೆಲಿನವರ ಅಳಲನ್ನೂ ಕೇಳಬೇಕು. ನಾಲ್ಕೈದು ತಿಂಗಳಲ್ಲಿ ವರ್ಷದ ಸಂಪಾದನೆಯಾಗಬೇಕು. ಅಕ್ಕಿ, ಎಣ್ಣೆ, ಎಲ್ಲವೂ ಹಿಮದ ಮೇಲೆ ಓಡುವ ಗಾಡಿಯಲ್ಲಿ ಬರಬೇಕು. ಕಸವೂ ಅದರಲ್ಲೇ ಇಳಿಯಬೇಕು. ಆದುದರಿಂದ ಬೆಲೆ ಹೆಚ್ಚು. ಒಪ್ಪಿದೆ. ಅವರು ಹೆಚ್ಚು ಬೆಲೆ ಕೇಳುವುದು ಅನ್ಯಾಯವೆಂದು ನಾನು ಹೇಳಿಲ್ಲ. ಬೇರೆ ದಾರಿಯಿಲ್ಲದಂತೆ ಮಾಡುವುದು ಅನ್ಯಾಯ. ಒಂದು ಮಧ್ಯಾಹ್ನ, ಹೆಸರು ಬೇಡ, ಅಂಥದೊಂದು ಹೋಟೆಲಿನ ಬಿಸಿಲುಜಗಲಿಯ ಮೂಲೆಯಲ್ಲಿ ತಾಯಿಯೊಬ್ಬಳು ಎರಡು ಮಕ್ಕಳಿಗೆ ಬ್ರೆಡ್ಡು ಬಿಚ್ಚಿದಳು. ಮಾಣಿ ಬಂದು ಎಬ್ಬಿಸಿದ. ಅವನಿಗೆ ಆ ಹಕ್ಕಿತ್ತು, ಜಗಲಿ ಹೋಟೆಲಿನದು. ಆದರೆ ಅವಳು 'ಬುತ್ತಿಯ ಕೋಣೆ ಎಲ್ಲಿದೆ?' ಎಂದು ಕೇಳಿದಾಗ ಅವನು ಭುಜ ಹಾರಿಸಿದ. ಮಕ್ಕಳು ಹಿಮದ ಮೇಲೆ ನಿಂತೇ ತಿಂದವು. ಹೋಟೆಲಿನ ಫಲಕ ಆಳೆತ್ತರ. ಬುತ್ತಿಯ ಕೋಣೆಗೆ ಕೈಗಲದ ಚೀಟಿ, ಅದೂ ಶೌಚಾಲಯದ ಬಾಣದ ಕೆಳಗೆ. ಇದು ಬಹಳ ಕಡೆ ಕಂಡದ್ದು. ಇರುವುದನ್ನು ಕಾಣದಂತೆ ಇಡುವುದು ಇಲ್ಲದಂತೆ ಮಾಡುವುದರ ಮೊದಲ ಹೆಜ್ಜೆ.

ಪರಿಣತರು ಹೇಳಬಹುದು: ಎಲ್ಲರೂ ಬುತ್ತಿ ತಂದರೆ ಹೋಟೆಲುಗಳು ಮುಚ್ಚಿಹೋಗುತ್ತವೆ, ಅಲ್ಲಿ ದುಡಿಯುವ ಹುಡುಗರು ಕೆಲಸ ಕಳೆದುಕೊಳ್ಳುತ್ತಾರೆ ಎಂದು. ಈ ಭಯ ಹುರುಳಿಲ್ಲದ್ದು. ಬುತ್ತಿಯವನು ಹೋಟೆಲಿಗೆ ಬರಲಾರದವನು; ಅವನನ್ನು ಚಳಿಯಲ್ಲಿ ನಿಲ್ಲಿಸಿದ ಮಾತ್ರಕ್ಕೆ ಅವನು ಗಿರಾಕಿಯಾಗುವುದಿಲ್ಲ, ಮುಂದಿನ ವರ್ಷ ಬೆಟ್ಟಕ್ಕೇ ಬರುವುದಿಲ್ಲ, ಅಷ್ಟೆ. ಬುತ್ತಿಯಿಂದ ಐದು ದಿನ ಉಳಿಸಿದವನು ಆರನೆಯ ದಿನ ನೆಮ್ಮದಿಯಿಂದ ಒಂದು ಒಳ್ಳೆಯ ಹೋಟೆಲಿಗೆ ಹೋಗುತ್ತಾನೆ. ನಾವೂ ಹಾಗೆಯೇ ಮಾಡಿದೆವು. ದಿನದ ಒಂದೇ ಭಕ್ಷ್ಯವನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ, ಮೇಸ್ತ್ರಿಗಳೂ ಬಸ್ಸಿನ ಚಾಲಕರೂ ಕುಳಿತ ಮನೆಯನ್ನು ಹುಡುಕಿಕೊಂಡೆವು. ಬೆಣ್ಣೆ ಹಾಕಿದ ಕ್ರೋಜೆ, ಬೆಟ್ಟದ ನೇರಳೆಯಂಥ ಹಣ್ಣಿನ ಕಡುಬು. ನಕ್ಷತ್ರವಿರಲಿಲ್ಲ, ಊಟವಿತ್ತು.

2030ರ ಚಳಿಗಾಲದ ಒಲಿಂಪಿಕ್ಸ್ ಫ್ರಾನ್ಸಿನ ಆಲ್ಪ್ಸಿಗೆ ಹೋಗಲಿದೆಯೆಂದು 2024ರಲ್ಲಿ ತೀರ್ಮಾನವಾಗಿದೆ. ಹೊಸ ದಾರಿ, ಹೊಸ ತಂತಿ, ಹೊಸ ಭವನಗಳ ನಕ್ಷೆಗಳು ಎದ್ದಾವು. ಆ ನಕ್ಷೆಗಳಲ್ಲಿ ಪ್ರತಿ ತಂತಿತೊಟ್ಟಿಲಿನ ಮೇಲ್ತುದಿಯಲ್ಲಿ ಬೆಚ್ಚಗಿನ ಬುತ್ತಿಯ ಕೋಣೆ, ಅದರಲ್ಲೊಂದು ಕುಡಿಯುವ ನೀರಿನ ನಲ್ಲಿ, ಹೊರಗೆ ಹೋಟೆಲಿನ ಫಲಕದಷ್ಟೇ ದೊಡ್ಡ ಫಲಕ, ಇವಿಷ್ಟು ಇರಬೇಕೆಂದು ಫ್ರೆಂಚರು ಕೇಳಬೇಕು. ಅದು ಅವರ ಕೆಲಸ. ನಮ್ಮ ಕೆಲಸ ಇನ್ನೂ ಸುಲಭದ್ದು. ಟಿಕೆಟಿನ ಕಿಟಕಿಯಲ್ಲಿ ನಿಂತಾಗ ನಾಚದೆ 'ಸಾಲ್ ಓರ್-ಸಾಕ್ ಎಲ್ಲಿ?' ಎಂದು ಕೇಳುವುದು. ಕೇಳಿ, ಹೋಗಿ, ಮೇಜಿನ ಮೇಲೆ ಡಬ್ಬಿ ತೆರೆದು ಎಲ್ಲರೆದುರು ಉಣ್ಣುವುದು. ಎದ್ದು ಬರುವಾಗ ಮೇಜನ್ನು ಒರೆಸಿ ಬರುವುದು. ಕೇಳುವವರು ಹೆಚ್ಚಿದಷ್ಟೂ ಆ ಕೋಣೆ ಉಳಿಯುತ್ತದೆ. ಕೇಳುವವರಿಲ್ಲವಾದರೆ ಮುಂದಿನ ಚಳಿಗಾಲಕ್ಕೆ ಅದೇ ಕೋಣೆಯಲ್ಲಿ ಚೌಕಳಿ ಬಟ್ಟೆ ಹಾಸಿ ತಾರ್ತಿಫ್ಲೆತ್ ಮಾರುತ್ತಾರೆ.